ತಿರುಗುಮಡುವಿನ ಗುಟ್ಟು: ಬಾವ ಬಂದವ್ನೆ

ಹುಟ್ಟು ಹಾಕುತ್ತಿದ್ದ ಬೋರಯ್ಯ ಇದ್ದಕ್ಕಿದ್ದ ಹಾಗೆ ಕೈ ತಡೆದ. ಹುಟ್ಟಿನ ಹಿಡಿಯಿಂದ ಹರಿಗೋಲಿನ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿದು, ತಲೆ ತಗ್ಗಿಸಿ, ಮೆತ್ತನೆಯ ದನಿಯಲ್ಲಿ ಅಂದ:

"ಬಾವ ಬಂದವ್ರೆ. ದಾರಿ ಕೊಡಿ ನಮ್ಮಪ್ಪ."

ಹರಿಗೋಲಿನಲ್ಲಿ ಕೂತಿದ್ದ ಉಳಿದ ಮೂವರೂ ಒಟ್ಟಿಗೇ ಅವನ ಕಡೆ ತಿರುಗಿದರು.

ಇನ್‌ಸ್ಪೆಕ್ಟರ್ ಸಾಹೇಬರು ನೋಟುಬುಕ್ಕು ಮುಚ್ಚಿದರು. "ಯಾರು ಬಂದಿದ್ದಾರೆ ಅಂದೆ?"

ಬೋರಯ್ಯ ಬಾಯಲ್ಲಿ ಹೇಳಲಿಲ್ಲ. ಗದ್ದ ಎತ್ತಿ ತೋರಿಸಿದ. ಎಡಗಡೆಯ ಚಪ್ಪಟೆ ಬಂಡೆಯ ಮೇಲೆ ಬಾಯಿ ಅಗಲಿಸಿಕೊಂಡು ಬಿಸಿಲು ಕಾಯುತ್ತಿದ್ದ ಮೊಸಳೆಯೊಂದು, ಇವರ ಕಡೆ ನೋಡಿಯೂ ನೋಡದ ಹಾಗೆ, ಯಾವ ಅವಸರವೂ ಇಲ್ಲದೆ ಕಾವೇರಿಗೆ ಇಳಿಯಿತು. ಬಾಲ ಮುಳುಗಿದ ಜಾಗದಲ್ಲಿ ನೀರು ಒಂದು ಸುತ್ತು ತಿರುಗಿ ಸುಮ್ಮನಾಯಿತು.

"ಮೊಸಳೆ!" ಅಂದರು ಸಾಹೇಬರು.

"ನೀರ ಮ್ಯಾಲೆ ಆ ಎಸ್ರು ಎತ್ತಬ್ಯಾಡಿ ಸ್ವಾಮಿ. ನಾವು ನೀರಿನೋರು ಅವರ್ನ ಬಾವ ಅಂತೀವಿ. ನಮ್ಮ ಮುತ್ತಾತನ ಕಾಲ್ದಲ್ಲಿ ಮನೆ ಎಣ್ಣುಮಗು ಒಂದುನ್ನ ಅವ್ರು ಕರಕಂಡೋದ್ರಂತೆ. ಅಲ್ಲಿಗೆ ನಂಟಸ್ತನ ಆಯ್ತಲ್ಲ. ಎಣ್ಣು ಕೊಟ್ಟ ಮನೆ ಬಾಮೈದ್ರುನ್ನ ಅವ್ರು ಮುಟ್ಟಾಕಿಲ್ಲ."

ಸಾಹೇಬರ ಮುಖದ ಬಣ್ಣವೇ ಬದಲಾಯಿತು. ಬದಲಾಗದೆ ಏನು ಮಾಡೀತು? ಹೋದ ಭಾನುವಾರ ಇದೇ ಹೊಳೆಯಲ್ಲಿ ಹರಿಗೋಲು ವಿಹಾರಕ್ಕೆಂದು ಬಂದ ಮೂವರು ಗೆಳೆಯರಲ್ಲಿ ಸಿದ್ದರಾಜು ಎಂಬ ಹುಡುಗ ಮಾಯವಾಗಿದ್ದ, ಅವನಿದ್ದ ಹರಿಗೋಲು ಸುಳಿಯೇಳುವ ತಿರುಗುಮಡುವಿನಲ್ಲಿ ಬೋರಲು ಬಿದ್ದು ಸಿಕ್ಕಿತ್ತು. ಮಡುವಿನ ದಡದಲ್ಲಿ ಆಡು ಮೇಯಿಸುತ್ತಿದ್ದ ಪಟ್ಟಲಮ್ಮ ಎಂಬ ಮುದುಕಿಯ ಕಿವಿಗೆ, ಮೆಳೆಯ ಆಚೆಯಿಂದ ಒಂದೇ ಒಂದು ಗಂಡಸಿನ ಕೂಗು ಬಿದ್ದಿತ್ತು: "ಬಾವ ಬಂದವ್ನೆ!" ಆ ಕೂಗಿನ ಮೇಲೆಯೇ, ಆ ಮೂವರಲ್ಲಿ ಒಬ್ಬನಾದ ಸಿದ್ದರಾಜುವಿನ ಅಕ್ಕನ ಗಂಡ ರಾಮಲಿಂಗಯ್ಯ ನಾಲ್ಕು ದಿನದಿಂದ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ, ಪೆಟ್ರೋಲು ಸಿಗದ ಈ ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಅವನನ್ನು ಮಂಡ್ಯದ ಕೋರ್ಟಿಗೆ ಸಾಗಿಸುವುದಿತ್ತು.

"ನಾಲ್ಕು ದಿನದಿಂದ ನಾವು ಮನುಷ್ಯ ಬಾವನ ಹಿಂದೆ ಬಿದ್ದಿದ್ದೇವೆ, ದಫೇದಾರ್," ಅಂದರು ಸಾಹೇಬರು, ಹಲ್ಲು ಕಚ್ಚಿ.

ದಫೇದಾರ್ ಕೆಂಪಸಿದ್ದಯ್ಯ ಮೊಸಳೆಯನ್ನು ನೋಡುತ್ತಿರಲಿಲ್ಲ. ಬೋರಯ್ಯನ ತೋಳು ನೋಡುತ್ತಿದ್ದ.

ಇಪ್ಪತ್ತೆರಡು ವರ್ಷದಿಂದ ಅವನು ನೋಡುತ್ತಾ ಬಂದಿರುವುದು ಅದನ್ನೇ. ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಅಂಥ ತೋಳು ಯಾಕೆ ಬೇಕು? ತನಗೆ ನೋಡಿದರೆ ಬೆಲ್ಟು ಮೂರು ತೂತು ಹಿಂದಕ್ಕೆ ಸರಿದಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇವನು ಮಾತ್ರ ಹೊಳೆಯ ಮೇಲೆ ಹುಟ್ಟು ಹಾಕಿಕೊಂಡು, ಮೀನು ತಿಂದುಕೊಂಡು, ಸಂಜೆ ಮನೆಗೆ ಹೋದರೆ ಅಲ್ಲಿ ಬೆಟ್ಟಮ್ಮ.

ಹೂಂ, ಬೆಟ್ಟಮ್ಮ. ಅಲ್ಲಿದೆ ನೋಡಿ ಮುಳ್ಳು. ಕೆಂಪಸಿದ್ದಯ್ಯ ಬೆಳೆದದ್ದು ಇದೇ ದಡದ ಊರಿನಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಪಕ್ಕದ ಗುಡಿಸಲಿನ ಹುಡುಗಿ ಬೆಟ್ಟಮ್ಮ. ಹದಿನಾರನೆಯ ವಯಸ್ಸಿನಲ್ಲಿ, ಕರಿಬಂಡೆಯ ಮೇಲೆ ಕೂತು, ಅವಳು ನೀರಿನವರ ಗುಟ್ಟಿನ ಮಾತುಗಳನ್ನೆಲ್ಲ ಇವನಿಗೆ ಹೇಳಿಕೊಟ್ಟಿದ್ದಳು. ಆಮೇಲೆ ಹಿರಿಯರು ಕೂತು, ನೀರಿನವರ ಹೆಣ್ಣು ನೆಲದವರ ಮನೆಗೆ ಒಗ್ಗುವುದಿಲ್ಲ ಎಂದು ತೀರ್ಮಾನ ಮಾಡಿದರು. ಅವಳು ಬೋರಯ್ಯನನ್ನು ಕಟ್ಟಿಕೊಂಡಳು. ಇವನಿಗೆ ಮದ್ದೂರು ಕಡೆಯ ಮರಿತಾಯಮ್ಮ ಬಂದಳು. ಒಳ್ಳೆಯವಳೇ. ಆದರೆ ಹೊಟ್ಟೆಕಿಚ್ಚಿಗೆ ಒಳ್ಳೆಯ ಹೆಂಡತಿ ಔಷಧವಲ್ಲ.

ಹರಿಗೋಲು ಮುಂದೆ ಸರಿಯಿತು. ಎದುರು ಕೂತಿದ್ದ ಪುಟ್ಟರಾಜು ಭಾನುವಾರದ ಕಥೆಯನ್ನು ಮತ್ತೆ ಬಿಚ್ಚಿದ. ಮೂವರು ಗೆಳೆಯರಲ್ಲಿ ಇವನು ಮೂರನೆಯವನು. ಮದ್ದೂರಿನಲ್ಲಿ ಸೈಕಲ್ ಅಂಗಡಿ, ನುಣುಪಾದ ಕ್ರಾಪು, ನುಣುಪಾದ ಮಾತು. ಸಾಲದ್ದಕ್ಕೆ ಮರಿತಾಯಮ್ಮನ ಒಬ್ಬನೇ ತಮ್ಮ. ಅಂದರೆ ದಫೇದಾರರ ಖಾಸಾ ಬಾಮೈದ.

"ಇಗೋ ಇಲ್ಲೇ ಸ್ವಾಮಿ ನೀರುನಾಯಿ ಕಂಡಿದ್ದು. ಐದಾರಿದ್ವು. ಒಂದು ಮೀನು ಇಡ್ಕಂಡು ಮನುಸ್ರ ತರ ಕೈಯಾಗೆ ತಿಂತಿತ್ತು. ಸಿದ್ದರಾಜು ನಕ್ಕೂ ನಕ್ಕೂ ಸುಸ್ತಾದ. ಆ ಒಳೆಮತ್ತಿ ಮರದ ಮ್ಯಾಲೆ ಕೆಂದಳಿಲು. ಆಚೆ ದಡದಲ್ಲಿ ಆನೆ ನೀರಿಗಿಳಿದಿದ್ವು, ಮರಿ ಬೇರೆ ಇತ್ತು. ಅವನು ಪೆಟ್ಟಿಗೆ ಕ್ಯಾಮರಾ ತಂದಿದ್ನಲ್ಲ, ಯುದ್ದದ ಕಾಲ, ಪಿಲಂ ಸಿಕ್ಕಾಕಿಲ್ಲ, ಎಂಟೇ ಪಟ ಅಂತ ಎಣಿಸ್ಕಂಡು ಎಣಿಸ್ಕಂಡು ತೆಗೀತಿದ್ದ."

"ಜಗಳ ಯಾವಾಗ ಆಯಿತು?"

"ಆನೆ ನೋಡಿದ ಮ್ಯಾಲೆ. ರಾಮಲಿಂಗಯ್ಯಂಗೆ ತನ್ನ ತಂಗೀನ ಸಿದ್ದರಾಜುಗೆ ಕೊಡ್ಬೇಕು ಅಂತ ಆಸೆ ಇತ್ತು. ಇವನು ನೋಡುದ್ರೆ ಮದ್ದೂರಿನ ಎಣ್ಣು ಒಪ್ಕಂಡು ಬುಟ್ಟ. ಬರೋ ತಿಂಗಳು ಮದುವೆ. ‘ನನ್ನ ತಂಗಿ ಏನ್ಲಾ ಕಮ್ಮಿ ಆಗಿದ್ಲು ನಿಂಗೆ’ ಅಂತ ನೀರ ಮ್ಯಾಲೇ ಶುರು ಅಚ್ಕಂಡ್ರು."

ಮದ್ದೂರಿನ ಹೆಣ್ಣು ಎಂದಾಗ ಪುಟ್ಟರಾಜು ಕತ್ತು ತಿರುಗಿಸಿ ನೀರು ನೋಡಿದ. ಕೆಂಪಸಿದ್ದಯ್ಯನಿಗೆ ಕಾರಣ ಗೊತ್ತಿತ್ತು. ಅದೇ ಹೆಣ್ಣನ್ನು ತಮ್ಮನಿಗೆ ಕೇಳಲು ಮರಿತಾಯಮ್ಮ ಯುಗಾದಿಯಲ್ಲಿ ಎಲೆ ಅಡಿಕೆ ಹಿಡಿದು ಹೋಗಿದ್ದಳು. ಹೆಣ್ಣಿನ ಮನೆಯವರು ಪಾನಕ ಕೊಟ್ಟು, ನೋಡೋಣ ಎಂದು ಕಳಿಸಿ, ಚಿಕ್ಕರಸಿನಕೆರೆಯ ಸಿದ್ದರಾಜುವಿಗೆ ಒಪ್ಪಿಸಿದ್ದರು. ಪಾಪ ಹುಡುಗ, ಅನ್ನಿಸಿತ್ತು ಕೆಂಪಸಿದ್ದಯ್ಯನಿಗೆ. ಆ ನೋವು ತನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು.

"ಒಂದು ವಿಷಯ ಹೇಳಪ್ಪ," ಸಾಹೇಬರು ಕೇಳಿದರು. "ಆ ಬೆಳಿಗ್ಗೆ ನಿಮ್ಮನ್ನು ಕರೆತಂದವನು ಈ ಬೋರಯ್ಯನೇ. ಆಗ ಮೊಸಳೆ ಕಂಡಿತ್ತೆ? ಇವನು ಈ ಬಾವನ ಮಾತು ಆಡಿದ್ದನೆ?"

"ಇಲ್ಲ ಸ್ವಾಮಿ. ಬೆಳಿಗ್ಗೆ ಮೋಡ ಕವ್ಕಂಡಿತ್ತು, ಬಂಡೆ ಮ್ಯಾಲೆ ಒಂದೂ ಇರ್ನಿಲ್ಲ."

"ನಿಜವೇನಯ್ಯ ಬೋರಯ್ಯ?"

"ದಿಟ ಸ್ವಾಮಿ. ಬಿಸಿಲಿಲ್ದೆ ಅವ್ರು ಮ್ಯಾಕೆ ಬರಾಕಿಲ್ಲ. ಕಾಣ್ದೇ ಇದ್ರೆ ನಾವು ಅವರ್ನ ಕರಿಯಾಕಿಲ್ಲ."

ಕೆಂಪಸಿದ್ದಯ್ಯನ ತಲೆಯಲ್ಲಿ ದೀಪ ಹತ್ತಿತು. ಹತ್ತಿದ ದೀಪ ನೇರವಾಗಿ ಬೋರಯ್ಯನ ಮುಖಕ್ಕೇ ಬಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ದನಿ ನಡುಗದ ಹಾಗೆ ಮಾತಾಡಲು ಒಂದು ಸಲ ಕೆಮ್ಮಬೇಕಾಯಿತು.

"ಸ್ವಾಮಿ, ಅಂಗಾದ್ರೆ ಕೂಗಿದ್ದು ಸಿದ್ದರಾಜು ಅಲ್ಲ. ಚಿಕ್ಕರಸಿನಕೆರೆ ಉಡುಗ, ಮೊದಲ್ನೇ ಸಲ ಒಳೆ ಕಂಡೋನು. ಮೊಸಳೆ ಕಂಡ್ರೆ ಮೊಸಳೆ ಅಂತ ಕೂಗ್ತಿದ್ದ. ಆ ಮಾತು ಗೊತ್ತಿದ್ದೋನು ಇನ್ನೊಬ್ಬ ಅವನ ಜೊತೆ ಅರಗೋಲಲ್ಲಿದ್ದ. ಅವನ್ನ ಮುಳುಗ್ಸಿ, ಆಮ್ಯಾಲೆ ಮೊಸಳೆ ಕಂಡು ತಾನೇ ಎದ್ರಿ ಬಾಯಿ ಬುಟ್ಟವ್ನೆ."

ಸಾಹೇಬರು ದಫೇದಾರನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಭಲೆ! ಆ ಮಾತು ಯಾರಿಗೆಲ್ಲ ಗೊತ್ತು?"

"ನೀರಿನೋರಿಗೆ ಸ್ವಾಮಿ. ಈ ಎರಡು ಮೈಲಿ ಒಳೆ ಮ್ಯಾಲೆ ಇರೋದು ಒಂದೇ ಮನೆ."

ಬೋರಯ್ಯನ ಹುಟ್ಟು ನೀರಿಗೆ ಹೋಯಿತು, ಬಂತು.

"ಭಾನುವಾರ ಊಟದ ಹೊತ್ತಿನ ಮೇಲೆ ನೀನು ಎಲ್ಲಿದ್ದೆ?"

"ಇವರ್ನ ಬಿಟ್ಟು, ಅರಗೋಲು ದಡದಲ್ಲೇ ಕಟ್ಟಿ, ಮನೆಗೋದೆ. ಇನ್ನೊಂದು ಅರಗೋಲಿಗೆ ಚರ್ಮ ಎಳೆಯೋದಿತ್ತು. ಒತ್ತು ಮುಳುಗಾಗಂಟ ಅದೇ ಕೆಲ್ಸ. ನನ್ನೆಂಡ್ರು ಜೊತೇಲಿದ್ಲು."

"ಹೆಂಡತಿ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲಪ್ಪ," ಅಂದರು ಸಾಹೇಬರು. "ಬೇರೆ ಯಾರಾದರೂ ನೋಡಿದ್ದಾರೆಯೇ?"

"ನಮ್ಮನ್ನ ಯಾರು ನೋಡ್ತಾರೆ ಸ್ವಾಮಿ."

ಕೆಂಪಸಿದ್ದಯ್ಯ ಪೇಟ ಸರಿಮಾಡಿಕೊಂಡ. ಸರಿಯಾಗಿಯೇ ಇದ್ದ ಪೇಟವನ್ನು.

ಓದುಗರಿಂದ ಮುಚ್ಚಿಡುವುದು ಏಕೆ? ಭಾನುವಾರ ದಫೇದಾರರು ಪೂರಿಗಾಲಿ ಕಡೆ ಗಸ್ತು ಹೋಗಿದ್ದರೆಂದು ಠಾಣೆಯ ಡೈರಿಯಲ್ಲಿ ದುಂಡು ಅಕ್ಷರದಲ್ಲಿ ಬರೆದಿದೆ. ಡೈರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವರು ಆ ಮಧ್ಯಾಹ್ನವೆಲ್ಲ ಬೋರಯ್ಯನ ಅಂಗಳದ ಎದುರಿನ ಹುಣಸೆಮರದ ಹಿಂದೆ ನಿಂತಿದ್ದರು. ವರ್ಷಕ್ಕೆ ಎರಡೋ ಮೂರೋ ಸಲ ಅವರಿಗೆ ಆ ಕಾಯಿಲೆ. ಬೋರಯ್ಯ ಸುಳ್ಳು ಹೇಳುತ್ತಿರಲಿಲ್ಲ. ಹಸಿ ಚರ್ಮವನ್ನು ಬಿದಿರಿನ ಹಂದರಕ್ಕೆ ಎಳೆಯಲು ಕೂತರೆ ನಡುವೆ ಏಳುವಂತಿಲ್ಲ, ಒಣಗಿ ಸೆಟೆದುಕೊಂಡರೆ ಎಲ್ಲ ಹಾಳು. ಗಂಡ ಆ ತುದಿ, ಹೆಂಡತಿ ಈ ತುದಿ ಹಿಡಿದು ಹೊತ್ತು ಇಳಿಯುವ ತನಕ ಎಳೆದಿದ್ದರು. ಒಂದು ಸಲ ಚರ್ಮ ಜಾರಿ ಬೆಟ್ಟಮ್ಮ ಹಿಂದಕ್ಕೆ ಬಿದ್ದು, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆ ನಗು ನಾಲ್ಕು ರಾತ್ರಿ ಕೆಂಪಸಿದ್ದಯ್ಯನ ನಿದ್ದೆ ತಿಂದಿತ್ತು.

ಬೋರಯ್ಯ ನಿರಪರಾಧಿ ಎಂದು ಪ್ರಪಂಚದಲ್ಲಿ ಗೊತ್ತಿದ್ದ ಸಾಕ್ಷಿ ಒಬ್ಬನೇ. ಆ ಸಾಕ್ಷಿ ಈಗ ಬಾಯಿ ಮುಚ್ಚಿಕೊಂಡು ಹರಿಗೋಲಿನಲ್ಲಿ ಕೂತಿದ್ದ, ಸರ್ಕಾರದ ಬಟ್ಟೆ ಹಾಕಿಕೊಂಡು.

ಗೆಳೆಯರು ಅಡಿಗೆ ಮಾಡಿ ಉಂಡಿದ್ದ ಮರಳುದಂಡೆಗೆ ಹರಿಗೋಲು ತಾಗಿತು. ಮೂರು ಕಲ್ಲಿನ ಒಲೆ, ಬೂದಿ, ಮುತ್ತುಗದ ಎಲೆಗಳು ಹಾಗೆಯೇ ಇದ್ದವು. ಪುಟ್ಟರಾಜು ತಾನು ಮಲಗಿದ್ದ ಮರದ ನೆರಳು ತೋರಿಸಿದ. ಉಂಡ ಮೇಲೆ ಕಣ್ಣು ಹತ್ತಿತು, ರಾಮಲಿಂಗಯ್ಯ ಮುನಿಸಿಕೊಂಡು ಕಾಡಿನ ಕಡೆ ಹೋದ, ಎಚ್ಚರವಾದಾಗ ಹರಿಗೋಲೂ ಇಲ್ಲ, ಸಿದ್ದರಾಜುವೂ ಇಲ್ಲ. ಇದೇ ಮಾತನ್ನು ಅವನು ನಾಲ್ಕು ದಿನದಲ್ಲಿ ಐದು ಸಲ, ಒಂದು ಅಕ್ಷರ ಆಚೀಚೆ ಮಾಡದೆ ಹೇಳಿದ್ದ.

"ದಫೇದಾರ್, ನೀವು ಇವನ ಮನೆಗೆ ಹೋಗಿ ಹೆಂಗಸಿನ ಹೇಳಿಕೆ ತೆಗೆದುಕೊಳ್ಳಿ," ಎಂದರು ಸಾಹೇಬರು. "ಇವನು ಇಲ್ಲೇ ಇರಲಿ. ಹೇಳಿಕೆಯಲ್ಲಿ ಒಂದು ಎಳೆ ತಪ್ಪಿದರೂ ಸಾಕು, ರಾಮಲಿಂಗಯ್ಯನನ್ನು ಬಿಟ್ಟು, ನಾಳೆ ಬಸ್ಸಿಗೆ ಇವನನ್ನು ಹತ್ತಿಸುತ್ತೇನೆ."

ಮೆಳೆಯ ನಡುವಿನ ಕಾಲುದಾರಿಯಲ್ಲಿ ಕೆಂಪಸಿದ್ದಯ್ಯ ಹೆಜ್ಜೆ ಹಾಕಿದ. ಏದುಸಿರು ಬರಲಿಲ್ಲ.

ಬೆಟ್ಟಮ್ಮ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಹೊಸ ಹರಿಗೋಲು ಬೋರಲು ಮಲಗಿತ್ತು, ಚರ್ಮ ಬಿಗಿದು ಡೋಲಿನ ಹಾಗಾಗಿತ್ತು. ಅವಳು ತಲೆ ಎತ್ತಿ, ಬಂದವನು ಯಾರೆಂದು ನೋಡಿ, ಮತ್ತೆ ಮೀನಿನ ಕಡೆ ಬಗ್ಗಿದಳು.

"ಬನ್ನಿ ದಫೇದಾರ್ರೆ. ಇವತ್ತು ಎದುರ್ಗಡೆಯಿಂದ್ಲೇ ಬಂದ್ರಿ."

ಆ ‘ಎದುರ್ಗಡೆಯಿಂದ್ಲೇ’ ಅವನಿಗೆ ನೆತ್ತಿಗೆ ಹತ್ತಿತು. ಆದರೂ ಪೊಲೀಸಿನ ದನಿ ತೆಗೆದ.

"ನಿನ್ನ ಗಂಡನ ಮ್ಯಾಲೆ ಕೊಲೆ ಮೊಕದ್ದಮೆ ಬತ್ತಾ ಅದೆ, ಬೆಟ್ಟಮ್ಮ. ಸಿದ್ದರಾಜು ಮುಳುಗಿದ ಜಾಗದಾಗೆ ನಿಮ್ಮ ಮಾತು ಕೇಳಿ ಬಂದದೆ. ಬಾವ ಅಂತ."

"ನಮ್ಮ ಮಾತಾ? ಯಾರು ಕೇಳ್ದೋರು?"

"ಪಟ್ಟಲಮ್ಮ. ಬರ್ಕಂಡೋನು ನಾನೇ. ‘ಬಾವ ಬಂದವ್ನೆ’ ಅಂತ ಮೂರು ಸಲ ಕೇಳ್ದೆ, ಮೂರು ಸಲಾನೂ ಅದೇ ಏಳುದ್ಲು."

ಬೆಟ್ಟಮ್ಮ ಕೈಯಲ್ಲಿದ್ದ ಮೀನು ಕೆಳಗಿಟ್ಟಳು. ಎದ್ದು ನಿಂತಳು. ನಕ್ಕಳು ಅಂದರೆ ನಕ್ಕಳು, ಆದರೆ ಕಣ್ಣು ನಗಲಿಲ್ಲ.

"ಇನ್ನೊಂದು ಕಿತ ಏಳಿ. ಬಂದವ್ನೆ ಅಂತಲಾ?"

"ಊಂ."

"ನಮ್ಮೋರು ಯಾರಾದ್ರೂ ಬಾವನ್ನ ‘ಬಂದವ್ನೆ’ ಅಂದಿದ್ದುನ್ನ ನೀವು ಕೇಳಿದ್ದೀರಾ? ಮನೆ ಮಗಳ ಗಂಡ. ನೀರಿನ ಯಜಮಾನ್ರು. ಬಂದವ್ರೆ ಅಂತೀವಿ, ಅದೂ ಮೆತ್ತಗೆ, ಅರಗೋಲು ಬಡ್ದು. ಜೀವ ಓದ್ರೂ ಅವರ್ನ ‘ಅವನು’ ಅನ್ನಾಕಿಲ್ಲ. ಅಂದ್ರೆ ನಂಟು ಕಡ್ದೋಯ್ತದೆ."

ಅರ್ಧ ಗಂಟೆಯ ಹಿಂದೆ ಬೋರಯ್ಯನ ಬಾಯಿಂದ ಕೆಂಪಸಿದ್ದಯ್ಯನೇ ಕೇಳಿದ್ದ: ‘ಬಾವ ಬಂದವ್ರೆ.’ ಕಿವಿಗೆ ಬಿದ್ದದ್ದು ತಲೆಗೆ ಇಳಿದಿರಲಿಲ್ಲ. ತೋಳು ನೋಡುತ್ತಿದ್ದವನಿಗೆ ಮಾತು ಎಲ್ಲಿಂದ ಕೇಳಬೇಕು?

"ಆ ರಾಮಲಿಂಗಯ್ಯನ್ನ ಬೇರೆ ಇಡ್ದಿಟ್ಟಿದ್ದೀರಂತೆ," ಬೆಟ್ಟಮ್ಮ ಬಿಡಲಿಲ್ಲ. "ಅಕ್ಕನ ಗಂಡನ್ನ ಯಾರಾರಾ ‘ಬಂದವ್ನೆ’ ಅಂತಾರಾ? ಕೂಗಿದೋನು ನಿಮ್ಮ ನೆಲದೋರ ಬಾವನ್ನೂ ಕೂಗ್ನಿಲ್ಲ, ನಮ್ಮ ನೀರಿನ ಬಾವನ್ನೂ ಸರಿಯಾಗಿ ಕಲೀನಿಲ್ಲ. ಯಾರೋ ತಮಾಸೆಗೆ ಏಳ್ಕೊಟ್ಟಿದ್ದುನ್ನ ತಮಾಸೆಗೆ ಕಲ್ತಿರೋನು."

"ಬೆಟ್ಟಿ..."

ಇಪ್ಪತ್ತೆರಡು ವರ್ಷದ ಹಿಂದಿನ ಹೆಸರು ಬಾಯಿಂದ ಜಾರಿಬಿಟ್ಟಿತ್ತು. ಅವಳು ಅದಕ್ಕೇ ಕಾದಿದ್ದವಳ ಹಾಗೆ ಬಹುವಚನ ಬಿಟ್ಟಳು.

"ನೋಡು ಸಿದ್ದ. ನಾನು ಆ ಮಾತ ಒರಗಿನೋರಿಗೆ ಏಳ್ಕೊಟ್ಟಿದ್ದು ಜಲ್ಮಕ್ಕೆ ಒಂದೇ ಸಲ, ಒಬ್ಬಂಗೆ. ಅವನು ಆಗ್ಲೂ ‘ಬಂದವ್ನೆ, ಬಂದವ್ನೆ’ ಅಂತ ಅಣಕಿಸ್ತಿದ್ದ. ನಾನು ಬಾಯಿಗೆ ಒಡ್ದು ತಿದ್ದುದ್ರೂ ತಿದ್ಕಳ್ನಿಲ್ಲ. ನೀನು ಅದುನ್ನ ಯಾರಿಗೆ ಏಳ್ಕೊಟ್ಟೆ?"

ಅಂಗಳದಲ್ಲಿ ಮೀನಿನ ಮೇಲೆ ನೊಣ ಗುಯ್‌ಗುಡುವುದು ಕೇಳುತ್ತಿತ್ತು.

"ಇನ್ನೊಂದು ಮಾತು," ಅಂದಳು, ದನಿ ಇಳಿಸಿ. "ಅವತ್ತು ನನ್ನ ಗಂಡ ಈ ಅಂಗಳ ಬುಟ್ಟು ಅಳ್ಳಾಡ್ನಿಲ್ಲ ಅಂತ ನಿಂಗೆ ಗೊತ್ತು. ನಿನ್ನ ಪೇಟದ ತುದಿ ಕಾಣ್ತಿತ್ತು ಕಣೋ ಉಣಸೆಮರದ ಪಕ್ಕ. ಎಷ್ಟೋ ವರ್ಸದಿಂದ ಕಾಣ್ತಾ ಅದೆ. ಪಾಪ ಅಂತ ಸುಮ್ಕಿದ್ದೀನಿ. ಅವನಿಗೆ ಏಳಿಲ್ಲ, ಏಳಿದ್ರೆ ನೀನು ಉಳೀತಿರ್ನಿಲ್ಲ. ನನ್ನ ಗಂಡನ್ನ ಬಸ್ಸು ಅತ್ತಿಸಿದ್ರೆ ಮಾತ್ರ, ನಾನೇ ಬಂದು ಕೋರ್ಟಿನಲ್ಲಿ ನಿನ್ನ ಎಸ್ರು ಕೂಗ್ತೀನಿ."

ವಾಪಸು ಬರುವಾಗ ಕಾಲುದಾರಿ ಉದ್ದವಾಗಿಬಿಟ್ಟಿತ್ತು.

ಯಾರಿಗೆ ಹೇಳಿಕೊಟ್ಟೆ? ಕೇಳಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಹೋದ ವರ್ಷ ದೀಪಾವಳಿಗೆ ಬಂದಿದ್ದ ಬಾಮೈದನನ್ನು ಮೀನು ಹಿಡಿಯಲು ಇದೇ ಹೊಳೆಗೆ ಕರೆತಂದಿದ್ದ. ಹುಟ್ಟು ಹಾಕುವುದನ್ನು ಕಲಿಸಿದ್ದೂ ಆವಾಗಲೇ. ದೂರದಲ್ಲಿ ಬೋರಯ್ಯ ತನ್ನ ಹರಿಗೋಲು ಬಡಿದು ತಲೆ ತಗ್ಗಿಸಿದ್ದು ಕಂಡು ಕೆಂಪಸಿದ್ದಯ್ಯನ ಹೊಟ್ಟೆ ಉರಿದಿತ್ತು. ‘ನೋಡ್ಲಾ ಪುಟ್ಟ, ಆ ಬಡ್ಡೆತ್ತೋರು ಮೊಸಳೆ ಕಂಡ್ರೆ ಬಾವ ಬಂದವ್ನೆ ಅಂತ ಕೈ ಮುಗೀತಾರೆ! ಮೊಸಳೇನೇ ಅವನ ಬಾವ ಕಣ್ಲಾ!’ ಎಂದು ಗಹಗಹಿಸಿದ್ದ. ಪುಟ್ಟರಾಜುವೂ ನಕ್ಕಿದ್ದ. ಆ ದಿನವೆಲ್ಲ ಇಬ್ಬರೂ ಅದನ್ನೇ ಹೇಳಿಕೊಂಡು ನಕ್ಕಿದ್ದರು. ಬಂದವ್ನೆ, ಬಂದವ್ನೆ.

ಬೋರಯ್ಯನ ಮೇಲಿನ ಉರಿಗೆ ಇವನು ಕಿತ್ತುಹಾಕಿದ ಒಂದು ಮರ್ಯಾದೆ. ಅದೇ ಈಗ ಕೊಲೆಗಾರನ ಬೆರಳಚ್ಚಾಗಿ ಕೂತಿತ್ತು.

ಮರಿತಾಯಮ್ಮನಿಗೆ ಏನೆಂದು ಹೇಳುವುದು? ತಾಯಿ ಸತ್ತ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹೇಳದೆ ಇದ್ದರೆ? ಹೇಳದೆ ಇದ್ದರೆ ರಾಮಲಿಂಗಯ್ಯನೋ ಬೋರಯ್ಯನೋ, ಇಬ್ಬರಲ್ಲಿ ಒಬ್ಬ ನಿರಪರಾಧಿ ನಾಳೆ ಬಸ್ಸು ಹತ್ತುತ್ತಾನೆ.

ಮರಳುದಂಡೆಯಲ್ಲಿ ಮೂವರೂ ಆಗಲೇ ಹರಿಗೋಲು ಹತ್ತಿ ಕಾಯುತ್ತಿದ್ದರು. ಬೋರಲು ಬಿದ್ದ ಹರಿಗೋಲು ಸಿಕ್ಕ ತಿರುಗುಮಡುವನ್ನು ಸಾಹೇಬರು ಕಣ್ಣಾರೆ ನೋಡಬೇಕಿತ್ತು. ಕೆಂಪಸಿದ್ದಯ್ಯ ಹತ್ತಿ ಕೂತ. ಬೋರಯ್ಯ ದಡವನ್ನು ತಳ್ಳಿದ.

"ಹೆಂಗಸು ಏನಂದಳು?" ಕೇಳಿದರು ಸಾಹೇಬರು.

ಕೆಂಪಸಿದ್ದಯ್ಯ ಒಂದು ಸಲ ಬೋರಯ್ಯನನ್ನು ನೋಡಿದ, ಒಂದು ಸಲ ಬಾಮೈದನನ್ನು.

"ಸ್ವಾಮಿ, ನೀರಿನೋರು ‘ಬಂದವ್ನೆ’ ಅನ್ನಾಕಿಲ್ಲ. ‘ಬಂದವ್ರೆ’ ಅಂತಾರೆ. ಪಟ್ಟಲಮ್ಮ ಕೇಳಿಸ್ಕಂಡಿದ್ದು ಬಂದವ್ನೆ."

"ಅಂಗಂತಾರಾ ಯಾರಾದ್ರೂ!" ಬೋರಯ್ಯ ಕೆನ್ನೆ ಬಡಿದುಕೊಂಡ. "ಬುಡ್ತು ಅನ್ನಿ ಸ್ವಾಮಿ, ನೀರ ಮ್ಯಾಲಿದ್ದೀವಿ."

ಆ ಕೆನ್ನೆ ಬಡಿದುಕೊಂಡದ್ದು ನಾಟಕವಲ್ಲವೆಂದು ತಿಳಿಯಲು ಮೈಸೂರಿನಿಂದ ಬಂದ ಸಾಹೇಬರಿಗೂ ಕಷ್ಟವಾಗಲಿಲ್ಲ. ಅವರು ನಿಧಾನವಾಗಿ ತಲೆಯಾಡಿಸಿದರು.

"ಅಂದರೆ ಕೂಗಿದವನು ಹೊರಗಿನವನು. ಮಾತು ಕಲಿತಿದ್ದಾನೆ, ಮರ್ಯಾದೆ ಕಲಿತಿಲ್ಲ. ಯಾರಿರಬಹುದು ದಫೇದಾರ್?"

ನಾಲಿಗೆಯ ತುದಿಯಲ್ಲಿ ಹೆಸರಿತ್ತು. ಮರಿತಾಯಮ್ಮನ ಮುಖ ಅಡ್ಡ ಬಂತು. ಆ ಒಂದು ಗಳಿಗೆ ಸಾಕಾಯಿತು.

"ನಾನು ಏಳ್ಳಾ ಬಾವ?" ಪುಟ್ಟರಾಜು ಅಂದ. ದನಿಯಲ್ಲಿ ಬೆಣ್ಣೆಯಿತ್ತು. "ಮನೆ ಮಾತು ಅಂತ ಇಷ್ಟು ದಿನ ಬಾಯಿ ಬುಡ್ನಿಲ್ಲ ಸ್ವಾಮಿ. ಆ ಮಾತು ಗೊತ್ತಿರೋ ಒರಗಿನೋರು ಒಬ್ರೇ. ನಮ್ಮ ಬಾವ. ಇದೇ ಊರಾಗೆ ಬೆಳ್ದೋರು. ಬೋರಯ್ಯನ್ನ ಕಂಡ್ರೆ ಆಗಾಕಿಲ್ಲ, ಅವನ ತಲೆ ಮ್ಯಾಲೆ ಏನಾರಾ ಬೀಳ್ಲಿ ಅಂತ ಕಾಯ್ತಾ ಇರೋರು. ಭಾನುವಾರ ಪೂರಿಗಾಲಿಗೂ ಓಗ್ನಿಲ್ಲ. ಇಲ್ಲೇ ಇದ್ರು."

"ಇಲ್ಲೇ ಅಂದರೆ?"

ಹರಿಗೋಲು ತಿರುವು ದಾಟುತ್ತಿತ್ತು. ಪುಟ್ಟರಾಜು ಕೈ ಚಾಚಿದ. ಎತ್ತರದ ದರೆಯ ಮೇಲೆ ಆ ಹುಣಸೆಮರ. ದರೆ ಕುಸಿದು ಅದರ ದಪ್ಪ ಬೇರೊಂದು ನೀರಿನ ಮೇಲೆ ಹೊರಗೆ ಚಾಚಿಕೊಂಡಿತ್ತು.

"ಅಗೋ, ಆ ಬೇರಿನ ಮ್ಯಾಲೆ. ಬೊಡ್ಡೆಗೆ ಕೆನ್ನೆ ಕೊಟ್ಕಂಡು ನಿಂತಿದ್ರು. ಲಾಠಿ ಬೆನ್ನಿಗೆ ಸಿಗಿಸ್ಕಂಡಿದ್ರು."

ಸಾಹೇಬರು ದಫೇದಾರನ ಕಡೆ ತಿರುಗಿದರು. "ಭಾನುವಾರ ಎಲ್ಲಿದ್ದಿರಿ?"

"ಪೂರಿಗಾಲಿ ಅಂತ ಡೈರೀಲಿ ಬರ್ದಿದ್ದೀನಿ ಸ್ವಾಮಿ."

"ಬರೆದದ್ದು ಕೇಳಲಿಲ್ಲ. ಇದ್ದದ್ದು ಕೇಳಿದೆ."

ಪೂರಿಗಾಲಿ ಎಂದು ಇನ್ನೊಂದು ಸಲ ಹೇಳಿದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ಬೋರಯ್ಯನ ಪರ ಹೇಳಲು ಜಗತ್ತಿನಲ್ಲಿ ಯಾರೂ ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಅವನು ಬೇಡಿಕೊಂಡದ್ದು ಇದನ್ನೇ ಅಲ್ಲವೆ? ಕೆಂಪಸಿದ್ದಯ್ಯ ಆ ಬೇರನ್ನು ನೋಡಿದ. ನೀರಿನ ಮೇಲಿನಿಂದ ಅವನು ಅದನ್ನು ನೋಡುತ್ತಿದ್ದದ್ದು ಇದೇ ಮೊದಲು. ಎಷ್ಟು ಚೆನ್ನಾಗಿ ಕಾಣುತ್ತಿತ್ತು.

"ಅಲ್ಲೇ ಇದ್ದೆ ಸ್ವಾಮಿ," ಅಂದ. "ಆ ಬೇರಿನ ಮ್ಯಾಲೆ. ನನ್ನ ಬಾಮೈದ ಏಳಿದ್ದು ಅಕ್ಷರಕ್ಷರ ದಿಟ. ಆದ್ರೆ ಒಂದು ನೋಡಿ. ದಡದ ಕಡೆಯಿಂದ ಬೊಡ್ಡೆ ಮರೆ ಆಯ್ತದೆ, ಪೇಟದ ತುದಿ ಬಿಟ್ರೆ ಏನೂ ಕಾಣಾಕಿಲ್ಲ. ದರೆ ಮ್ಯಾಲೆ ಬ್ಯಾರೆ ದಾರೀನೂ ಇಲ್ಲ. ಬೆನ್ನಿಗಿದ್ದ ಲಾಠಿ ಕಾಣ್ಬೇಕು ಅಂದ್ರೆ ನೀರ ಮ್ಯಾಲೇ ಇರ್ಬೇಕು. ಮರದ ನೆಳ್ಳಾಗೆ ನಿದ್ದೆ ಓಡೀತಿದ್ದೋನಿಗೆ ಎಂಗೆ ಕಾಣ್ತು?"

ಸಾಹೇಬರು ಮರವನ್ನೂ ದರೆಯನ್ನೂ ಅಳೆದು ನೋಡಿದರು. ಆಮೇಲೆ ಪುಟ್ಟರಾಜುವನ್ನು. ನುಣುಪಾದ ಕ್ರಾಪಿನ ಕೆಳಗೆ ಬೆವರು ಮೂಡಿತ್ತು. ಆದರೂ ಅವನು ಸೋಲಲಿಲ್ಲ.

"ಆಯ್ತು ಬಾವ, ನಾನು ನೀರ ಮ್ಯಾಲಿದ್ದೆ ಅಂತಾನೇ ಇಟ್ಕಳಿ. ನಾನು ನಿಮ್ಮನ್ನ ಕಂಡಷ್ಟು ಅತ್ರದಲ್ಲಿ ಅರಗೋಲು ಓಗಿರ್ಬೇಕಲ್ಲ. ಅದುರಾಗೆ ಯಾರ್ಯಾರಿದ್ರು? ಸಿದ್ದರಾಜು ಬದುಕಿದ್ನಾ, ಸತ್ತಿದ್ನಾ? ಪೊಲೀಸ್ನೋರು ನೀವು, ನೋಡಿರ್ತೀರಲ್ಲ, ಏಳಿ ಸಾಹೇಬ್ರಿಗೆ."

"ಹೇಳಿ ದಫೇದಾರ್. ಹರಿಗೋಲಿನಲ್ಲಿ ಯಾರಿದ್ದರು?"

"ನಾನು ನೋಡ್ನಿಲ್ಲ ಸ್ವಾಮಿ."

"ನೋಡಲಿಲ್ಲ? ಇಪ್ಪತ್ತು ಮಾರು ದೂರದಲ್ಲಿ ಹಾಡುಹಗಲು ಒಂದು ಹರಿಗೋಲು ಹೋಗಿದೆ. ಇಡೀ ಮಧ್ಯಾಹ್ನ ನಿಂತಿದ್ದವರು ನೋಡಲಿಲ್ಲ?"

"ನಾನು... ಒಳೆ ಕಡೀಕೆ ತಿರುಗಿರ್ನಿಲ್ಲ."

ಹೌದು, ತಿರುಗಿರಲಿಲ್ಲ. ಬೆನ್ನ ಹಿಂದೆ ಒಂದು ಕೊಲೆ ತೇಲಿಕೊಂಡು ಹೋದಾಗ ಈ ಮಹಾಶಯ ಒಬ್ಬ ಹೆಂಗಸು ತನ್ನ ಗಂಡನ ಜೊತೆ ನಗುವುದನ್ನು ನೋಡಿ ಹಲ್ಲು ಕಡಿಯುತ್ತಿದ್ದ. ಕತ್ತು ಒಂದು ಸಲ ಹೊರಳಿಸಿದ್ದರೆ ಸಾಕಿತ್ತು. ಅವನಿಗೆ ಅಳು ಬಂತು.

"ಮತ್ತೆ ಯಾವ ಕಡೆ ನೋಡುತ್ತಿದ್ದಿರಿ?"

ಹುಟ್ಟಿನ ಸದ್ದು ನಿಂತಿತ್ತು. ಕೆಂಪಸಿದ್ದಯ್ಯನಿಗೆ ಅದು ತಡವಾಗಿ ಗೊತ್ತಾಯಿತು. ಬೋರಯ್ಯ ಹುಟ್ಟನ್ನು ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡು ಹುಣಸೆಮರವನ್ನೇ ನೋಡುತ್ತಿದ್ದ. ಆ ಬೊಡ್ಡೆಗೆ ಕೆನ್ನೆ ಕೊಟ್ಟು ನಿಂತವನಿಗೆ ಮರದಾಚೆ ಏನು ಕಾಣುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರದಾಚೆ ಇರುವುದು ಒಂದೇ ಅಂಗಳ.

"ಏಯ್, ಹುಟ್ಟು ಹಾಕಯ್ಯ!" ಎಂದು ಸಾಹೇಬರು ಕೂಗಿದರು. ಹಿಡಿತ ತಪ್ಪಿದ ಹರಿಗೋಲು ಮೆಲ್ಲಗೆ ಒಂದು ಸುತ್ತು ತಿರುಗಿತು. ಕೆಳಗಡೆ ತಿರುಗುಮಡುವಿನ ಮೊರೆತ ದೊಡ್ಡದಾಗುತ್ತಿತ್ತು. ಪುಟ್ಟರಾಜು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡ. ಎದುರಿನ ಬಂಡೆಯಿಂದ ಏನೋ ಉದ್ದನೆಯದು ನೀರಿಗೆ ಜಾರಿತು. ಈ ಸಲ ಯಾರೂ ಅಂಚು ಬಡಿಯಲಿಲ್ಲ.

ಇಷ್ಟು ವರ್ಷ ‘ದಫೇದಾರ್ರೆ’ ಎಂದಲ್ಲದೆ ಇನ್ನೊಂದು ಮಾತು ಆಡದಿದ್ದ ಬೋರಯ್ಯ, ಕಣ್ಣು ಎತ್ತಿ ಅವನ ಮುಖ ನೋಡಿದ.

"ಏಳ್ಲಾ ಸಿದ್ದ," ಅಂದ. "ಯಾವ ಕಡೀಕೆ ನೋಡ್ತಿದ್ದೆ?"